ಮೊದಲು ಚಹಾ, ಆಮೇಲೆ ಟೇಪು

ಯಾವ ಓಣಿಗೆ ಹೋದರೂ ಅವರು ಮೊದಲು ಅಳತೆಯ ಟೇಪು ಹೊರಗೆ ತೆಗೆಯುತ್ತಿರಲಿಲ್ಲ. ಓಣಿಯ ಬಾಯಲ್ಲಿ ಯಾವುದಾದರೊಂದು ಕಟ್ಟೆ ನೋಡಿ ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಹೆಗಲ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿಗೆ ಯಾರೇ ಬರಲಿ, "ಚಾ ಸಿಗ್ತದೇನ್ರಿ ಇಲ್ಲಿ?" ಎಂದು ಕೇಳುತ್ತಿದ್ದರು. ಎರಡು ಹೆಜ್ಜೆ ದೂರದಲ್ಲಿ ಚಹಾದಂಗಡಿ ಇದ್ದರೂ ಕೇಳುತ್ತಿದ್ದರು. ಯಾರಾದರೊಬ್ಬರು ಮನೆಯೊಳಗಿಂದ ತಂದುಕೊಡುತ್ತಿದ್ದರು. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ನಳಕ್ಕೆ ನೀರು ಬರುವುದಿಲ್ಲ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಾಗಿರುತ್ತಿತ್ತು. ಟೇಪು ಚೀಲದಿಂದ ಹೊರಬರುತ್ತಿದ್ದುದು ಆಮೇಲೆ.

ಮೊದಲ ದಿನ ನಾನು ಗಡಿಯಾರ ನೋಡುತ್ತ ನಿಂತಿದ್ದೆ. ನಲವತ್ತು ನಿಮಿಷ ಆಗಿತ್ತು.

"ಮೇಡಂ, ನಿಂತು ಕಾಲು ನೋವ್ಯಾವು. ಕೂಡ್ರಿ," ಅಂದರು.

"ಇವತ್ತು ಇಪ್ಪತ್ತು ಮನೆ ಮುಗಿಸಬೇಕು ಸರ್."

"ಮುಗೀತಾವ. ಮನಿ ಎಲ್ಲಿಗೂ ಓಡಿ ಹೋಗೂದಿಲ್ಲ. ಓಡಿ ಬಂದವರು ನಾವು."

ಅವರು ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾವು ಮಾಡಿದ ಸರ್ವೆಯ ಕಡತದಲ್ಲಿ ಅವರ ಹೆಸರು ಒಂದೇ ಸಲ ಬರುತ್ತದೆ, ಅದೂ ಅವರು ಮಾಡದ ತಪ್ಪಿನ ಪಕ್ಕದಲ್ಲಿ. ಆ ಸಾಲನ್ನು ತೆಗೆಸಲು ನನ್ನಿಂದ ಆಗಿಲ್ಲ. ಅದು ಅಲ್ಲಿರುವ ತನಕ ಇನ್ನೊಂದು ಕಡೆ ಅವರ ಹೆಸರೆತ್ತಲು ನನಗೆ ಧೈರ್ಯವಿಲ್ಲ.

ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನಾನು ಕಲಬುರಗಿಗೆ ಮರಳಿದ್ದೆ. ನಮ್ಮ ಮನೆ ಐವಾನ್-ಎ-ಶಾಹಿ ಬಡಾವಣೆಯಲ್ಲಿದೆ. ಸರ್ವೆಯ ಗುತ್ತಿಗೆ ಹಿಡಿದಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ನನಗೆ ಸಿಕ್ಕ ಅವರು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆಗಾರರಾಗಿ ನಿವೃತ್ತರಾದವರು. ಅನುಭವಸ್ಥರು ಬೇಕೆಂದು ಸಂಸ್ಥೆ ಅವರನ್ನು ವರ್ಷದ ಕರಾರಿನ ಮೇಲೆ ಕರೆಸಿಕೊಂಡಿತ್ತು. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಬ್ಲೇಡಿನಿಂದ ಚೂಪು ಮಾಡಿದ ಎರಡು ಪೆನ್ಸಿಲು, ಬುತ್ತಿಯಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಆಗಾಗ ಒಂದು ಕೆಂಪು ಬಾಳೆಹಣ್ಣು ಇರುತ್ತಿತ್ತು. ಅದನ್ನು ಮಾತಿಲ್ಲದೆ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ನಾನು ಥ್ಯಾಂಕ್ಸ್ ಹೇಳಿದರೆ, "ಗಿಡದ್ದು, ನನ್ನದಲ್ಲ," ಅನ್ನುತ್ತಿದ್ದರು.

ನನ್ನ ಕೈಯಲ್ಲಿ ಟ್ಯಾಬ್ ಇರುತ್ತಿತ್ತು. ಅವರ ಕೈಯಲ್ಲಿ ಹಲಗೆಗೆ ಕ್ಲಿಪ್ಪು ಹಾಕಿದ ಹಾಳೆ. ಒಂದೇ ಮನೆಯನ್ನು ಇಬ್ಬರೂ ಅಳೆಯುತ್ತಿದ್ದೆವು. ನನ್ನ ನಕ್ಷೆಯಲ್ಲಿ ಗೋಡೆ, ಬಾಗಿಲು, ಉದ್ದ, ಅಗಲ. ಅವರದ್ದರಲ್ಲಿ ಅದರ ಜೊತೆಗೆ ಬಟ್ಟೆ ಒಗೆಯುವ ಕಲ್ಲು, ಬೇವಿನ ಗಿಡದ ನೆರಳು ಮಧ್ಯಾಹ್ನ ಬೀಳುವ ಜಾಗ, ಹೆಂಗಸರು ಕೂತು ತೊಗರಿ ಹಸನು ಮಾಡುವ ಪರಸಿ ಹಾಸುಗಲ್ಲು. ಇವೆಲ್ಲ ಯಾಕೆ ಎಂದು ಕೇಳಿದ್ದೆ.

"ನಾಳಿ ಯಾರೋ ಒಬ್ಬ ಇಂಜಿನಿಯರ್ ಬರ್ತಾನ, ಇಲ್ಲಿ ಖಾಲಿ ಅದ, ಇಲ್ಲೊಂದು ಕಂಬ ಹುಗೀರಿ ಅಂತಾನ. ಖಾಲಿ ಇಲ್ಲಪಾ, ಇಲ್ಲಿ ಮಂದಿ ಕೂಡ್ತಾರ ಅಂತ ನಕ್ಷಾ ಹೇಳಬೇಕಲ್ಲ? ನಾವಂತೂ ಇರಂಗಿಲ್ಲ."

ನಾವು ಅಳೆಯುತ್ತಿದ್ದುದು ಊರ ನಡುವಿನ ಪೇಟೆಯಾದ ಸೂಪರ್ ಮಾರ್ಕೆಟ್‌ನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಕೊಳಚೆ ಪ್ರದೇಶವನ್ನು. ಮಳೆನೀರಿನ ನಾಲೆಯ ದಂಡೆಗೆ ಹಬ್ಬಿದ್ದರಿಂದ ಅಲ್ಲಿಯವರು ಅದನ್ನು ನಾಲಾ ಓಣಿ ಎನ್ನುತ್ತಾರೆ. ಎರಡು ತಲೆಮಾರಿನ ಹಿಂದೆ ಕಮಲಾಪುರದ ಸುತ್ತಿನ ಊರುಗಳಿಂದ ಕೂಲಿಗೆ ಬಂದವರು ಕಟ್ಟಿಕೊಂಡ ಮನೆಗಳು. ಪರಸಿಯ ಗೋಡೆ, ಮೇಲೆ ತಗಡು. ಅಲ್ಲಿಯವರನ್ನು ಏನು ಮಾಡಬೇಕೆಂಬುದಕ್ಕೆ ಎರಡು ದಾರಿ ಇದ್ದವು. ಒಂದು, ಎಲ್ಲರನ್ನೂ ಎಬ್ಬಿಸಿ ಊರ ಹೊರಗಿನ ಶರಣಸಿರಸಗಿಯ ಕಡೆ ಮೂರು ಮಹಡಿಯ ಮನೆ ಕಟ್ಟಿಕೊಡುವುದು. ಇನ್ನೊಂದು, ಇದ್ದಲ್ಲಿಯೇ ಬಿಟ್ಟು ಚರಂಡಿ, ನಳ, ಅಗಲವಾದ ದಾರಿ ಮಾಡಿ ಕೈಗೆ ಹಕ್ಕುಪತ್ರ ಕೊಡುವುದು. ಕಾಲೇಜಿನಲ್ಲಿ ಎರಡರ ಬಗ್ಗೆಯೂ ಉತ್ತರ ಬರೆದಿದ್ದೆ. ಎರಡಕ್ಕೂ ಒಳ್ಳೆಯ ಅಂಕ ಬಂದಿದ್ದವು.

ಒಂದು ಬೆಳಿಗ್ಗೆ ಅವರು ನನ್ನನ್ನು ಶರಣಸಿರಸಗಿಗೆ ಕರೆದುಕೊಂಡು ಹೋದರು. ಹೊಲಗಳ ನಡುವೆ ಹೊಸ ಲೇಔಟುಗಳು. ದೊಡ್ಡ ಕಮಾನು, ಕಮಾನಿನ ಮೇಲೆ ಬಂಗಾರದ ಬಣ್ಣದ ಅಕ್ಷರ, ಒಳಗೆ ಡಾಂಬರು ರಸ್ತೆ, ಸಾಲಾಗಿ ಹುಗಿದ ಹಳದಿ ಕಲ್ಲು. ಮನೆ ಒಂದೂ ಇಲ್ಲ. ಮೇಕೆ ಮೇಯಿಸುತ್ತಿದ್ದ ಮುದುಕನೊಬ್ಬ ನಮ್ಮನ್ನು ನೋಡಿ, "ಪ್ಲಾಟ್ ತಗೊಳ್ಳಾಕ ಬಂದೀರೇನ್ರಿ? ನನಗೂ ಒಂದು ಕೊಡಿಸ್ರಿ, ಮ್ಯಾಕಿ ಕಟ್ಟಾಕ," ಎಂದು ನಕ್ಕ.

"ಎಷ್ಟು ವರ್ಷ ಆತು ಕಾಕಾ, ಈ ಕಲ್ಲು ಹುಗದು?" ಇವರು ಕೇಳಿದರು.

"ಈ ಹೋತದ ಅಜ್ಜ ಮರಿ ಇದ್ದಾಗ."

ಇವರು ಕಲ್ಲೊಂದರ ಮೇಲೆ ಕೂತು ಬಹಳ ಹೊತ್ತು ಆ ಖಾಲಿ ರಸ್ತೆಯನ್ನೇ ನೋಡಿದರು. "ಇಲ್ಲಿ ಕಲ್ಲು ಅದಾವ, ಮಂದಿ ಇಲ್ಲ. ಅಲ್ಲಿ ಮಂದಿ ಅದಾರ, ಒಂದು ಕಲ್ಲಿಲ್ಲ. ಊರು ಹಿಂಗ ಹರಕೋತ ಹೋದ್ರ ಪೈಪು, ಲೈಟು, ಬಸ್ಸು ಎಲ್ಲಾ ಇದರ ಹಿಂದ ಓಡಬೇಕು. ನಡುವಿನವರು ಕೊಡ ಹಿಡಕೊಂಡು ನಿಂತಿರ್ತಾರ." ಆಮೇಲೆ ನನ್ನ ಕಡೆ ತಿರುಗಿ ಅಂದರು: "ಒಂದು ಕೆಲಸ ಮಾಡ್ರಿ. ನೀವು ನಾಲಾ ಓಣಿ ಹೆಣ್ಮಗಳು ಅಂತ ತಿಳ್ಕೋರಿ. ಏಳಕ್ಕ ಸೂಪರ್ ಮಾರ್ಕೆಟ್ ಅಂಗಡಿ ಕಸಾ ಹೊಡೀಬೇಕು. ನಾಳಿ ಇಲ್ಲಿಂದ ಹೋಗಿ ತೋರಸ್ರಿ."

ಮರುದಿನ ನಾನು ಹಾಗೇ ಮಾಡಿದೆ. ಅಪ್ಪ ಬೈಕಿನಲ್ಲಿ ತಂದು ಬಿಟ್ಟುಹೋದರು. ಆರಕ್ಕೆ ಆ ಕಮಾನಿನ ಕೆಳಗೆ ನಿಂತೆ. ತುಂಬಿದ ಆಟೋ ಎರಡು ಹೋದವು, ಮೂರನೆಯದರಲ್ಲಿ ಅರ್ಧ ಕೂತೆ, ನಡುವೆ ಇಳಿದು ಇನ್ನೊಂದು ಹಿಡಿದೆ. ಸೂಪರ್ ಮಾರ್ಕೆಟ್ ಮುಟ್ಟಿದಾಗ ಏಳು ಇಪ್ಪತ್ತು. ಪ್ರತಿ ಹಂತದ ಸಮಯ ಬರೆದುಕೊಂಡಿದ್ದ ಹಾಳೆಯನ್ನು ಅವರಿಗೆ ತೋರಿಸಿದೆ. ಓದಿ, "ನಿನ್ನ ಕೆಲಸ ಹೋತಲ್ಲವ್ವಾ," ಅಂದರು. ಅವತ್ತಿನಿಂದ ನಾನು ಮೇಡಂ ಅಲ್ಲ, ಅವ್ವಾ. ಆ ಹಾಳೆಯನ್ನು ವರದಿಗೆ ಲಗತ್ತಿಸುವಂತೆ ಹಟ ಹಿಡಿದರು. ಜನರನ್ನು ಇದ್ದಲ್ಲೇ ಬಿಡುವ ತೀರ್ಮಾನವಾದಾಗ, "ನಿನ್ನ ಆಟೋ ಕೆಲಸ ಮಾಡ್ಯದ ನೋಡು," ಅಂದರು. ಬೇರೆ ಕಾರಣಗಳೂ ಇದ್ದವೆಂದು ನನಗೆ ಗೊತ್ತು. ಆದರೂ ಆ ಮಾತನ್ನು ನಾನು ಮನೆಯವರೆಗೂ ಒಯ್ದೆ.

ಇದ್ದಲ್ಲೇ ಬಿಡುವುದು ಸುಲಭವಲ್ಲ. ನಾಲಾ ಓಣಿಯ ನಡುವಿನ ದಾರಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತು ನಿಲ್ಲಬೇಕಾದಷ್ಟು ಕಿರಿದು. ಆಂಬುಲೆನ್ಸು ದೊಡ್ಡ ರಸ್ತೆಯಲ್ಲೇ ನಿಲ್ಲುತ್ತದೆ. ದಾರಿ ಅಗಲವಾಗಲು ಪ್ರತಿ ಮನೆಯೂ ಮುಂಭಾಗದಿಂದ ಒಂದಿಷ್ಟು ಬಿಟ್ಟುಕೊಡಬೇಕು. ಅವರು ಚಾಕ್ ಹಿಡಿದು ನೆಲದ ಮೇಲೆ ಗೀರು ಎಳೆಯುತ್ತ ಹೋದರು. ಓಣಿಗೆ ಓಣಿಯೇ ಹಿಂದೆ ಬಂತು.

"ಸಾಹೇಬ್ರ, ನಿಮ್ಮ ಗೀರು ನನ್ನ ಒಲಿ ಮ್ಯಾಲೆ ಬಂದದ ನೋಡ್ರಿ!" ಒಬ್ಬಾಕೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಕಾಶಮ್ಮ ಅಂತ, ದನಿ ದೊಡ್ಡದು.

"ನೀ ಒಲಿ ಸರಸ್ತೀನಿ ಅನ್ನು, ನಾ ಗೀರು ಸರಸ್ತೀನಿ."

"ಮೊದಲ ಆಕಿದು ಕಟ್ಟಿ ಒಡೀರಿ. ಮಾರಾಣಿಗತೆ ದಾರಿಗಿ ಕಾಲು ಚಾಚಿ ಕೂಡ್ತಾಳ."

"ನಾ ಕಾಲು ಚಾಚಿದ್ರ ನಿನಗೇನಾತ?" ಎದುರು ಮನೆಯಿಂದ ಉತ್ತರ ಬಂತು. "ನಿನ್ನ ಗಂಡ ಕುಡದು ಬಂದಾಗ ಇದೇ ಕಟ್ಟಿ ಮ್ಯಾಲೆ ಬೀಳ್ತಾನಲ್ಲ, ಆವಾಗ ಬೇಕಾಗಿತ್ತೇನು?"

ಎಲ್ಲರೂ ನಕ್ಕರು. ಕಾಶಮ್ಮನೂ ನಕ್ಕಳು. ಅವರು ಮಾತ್ರ ನಗದೆ ಎರಡೂ ಮನೆಗೆ ಸಮನಾಗಿ ಗೀರು ಎಳೆದು, "ಇಬ್ಬರೂ ಎರಡೆರಡು ಮೊಳ. ನಾಳಿ ಯಾರಿಗರ ಎದಿನೋವು ಬಂದ್ರ ಗಾಡಿ ಬಾಗಿಲ ತನಕ ಬರಬೇಕಲ್ಲ?" ಅಂದರು. ಇಬ್ಬರೂ ಒಪ್ಪಿದರು. ಸಂಜೆಯವರೆಗೂ ಅವರು ಹೀಗೆ ಗೀರು ಎಳೆದರು, ಅಳಿಸಿದರು, ಎಳೆದರು. ನನ್ನ ಟ್ಯಾಬಿನಲ್ಲಿ ಆ ಕೆಲಸ ಒಂದು ನಿಮಿಷದ್ದು. ಒಪ್ಪಿಗೆ ಮಾತ್ರ ಬರುತ್ತಿರಲಿಲ್ಲ.

ತಮ್ಮ ಬಗ್ಗೆ ಅವರು ಹೇಳಿಕೊಂಡಿದ್ದು ಕಡಿಮೆ. ಒಮ್ಮೆ ಊಟದ ಹೊತ್ತಿನಲ್ಲಿ ಹಳೆಯ ಗ್ರಾಮ ನಕ್ಷೆಯೊಂದನ್ನು ನೋಡುತ್ತ ಹೇಳಿದರು: ಅವರು ಸಣ್ಣವರಿದ್ದಾಗ ಸರ್ವೆಯವರು ಊರಿಗೆ ಬಂದಿದ್ದರಂತೆ. ಸರಪಳಿ ಹಿಡಿದು ಊರೆಲ್ಲ ಅಳೆದು, ಬಾವಿಯ ತನಕ ಬಂದು ಸುತ್ತಿಟ್ಟುಕೊಂಡು ಹೋದರಂತೆ. ಬಾವಿಯಾಚೆ ಇವರ ಓಣಿ. "ನಾವೆಲ್ಲ ಹುಡುಗರು ಮುಖ ತೊಳಕೊಂಡು ನಿಂತಿದ್ವಿ, ನಮ್ಮನಿ ಅಳೀತಾರಂತ. ನಕ್ಷಾದಾಗ ನಮ್ಮ ಓಣಿ ಇದ್ದ ಕಡಿ ಬರೇ ಬಿಳಿ ಜಾಗಾ ಅದ ನೋಡು." ಅಷ್ಟೇ ಹೇಳಿ ರೊಟ್ಟಿ ಮುರಿದರು. ನಾನೂ ಏನೂ ಕೇಳಲಿಲ್ಲ. ಕೇಳುವುದು ನನಗೆ ಬರುವುದಿಲ್ಲ. ಅಪರಿಚಿತರ ಮನೆಯ ಮುಂದೆ ನಿಂತರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ನೋಡಿ ತಿಳಿಯಬಹುದಾದದ್ದನ್ನು ನೋಡಿಯೇ ತಿಳಿಯುತ್ತೇನೆ.

ಅದಕ್ಕೇ ಅವರು ಕಲಿಸಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಬಾಗಿಲಿನ ಗುರುತು. ಸರ್ವೆಗೆ ಹೋದಾಗ ಎಷ್ಟೋ ಮನೆಗಳು ಮುಚ್ಚಿರುತ್ತವೆ. ಅದರಲ್ಲಿ ಯಾವುದು ವಾಸದ ಮನೆ, ಯಾವುದು ಬಿಟ್ಟುಹೋದ ಮನೆ? "ಬಾಗಿಲ ನೋಡು," ಅಂದಿದ್ದರು. "ಇಂಥ ಮನ್ಯಾಗ ಭಾಳ ಬೆಲೆಬಾಳೂದು ಅಂದ್ರ ಬಾಗಿಲ. ಪೂರ್ತಿ ಬಿಟ್ಟು ಹೋಗವರು ಚೌಕಟ್ಟಿನಿಂದ ಕಿತ್ತು ಒಯ್ತಾರ. ಬಾಗಿಲ ಇದ್ರ, ಕೀಲಿ ಹಾಕಿರಲಿ ಬಿಡಲಿ, ತಿರುಗಿ ಬರ್ತಾರ."

"ಬಾಗಿಲು ಇಲ್ಲದಿದ್ದರೆ?"

"ಇಲ್ಲದಿದ್ರ ಬಾಜೂ ಮನ್ಯಾಗ ಕೇಳು."

ಆ ಎರಡನೆಯ ಮಾತನ್ನೂ ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಅವತ್ತಿನ ತಾರೀಖಿನ ಕೆಳಗೆ, ನನ್ನದೇ ಅಕ್ಷರದಲ್ಲಿ ಅದು ಇದೆ.

ಸರ್ವೆಯ ಕೊನೆಯ ವಾರ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಊರಿನಲ್ಲಿ ಯಾರೂ ಇರುವುದಿಲ್ಲ. ಭಜ್ಜಿ, ಸಜ್ಜೆರೊಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾರೆ. ಸ್ವಂತ ಹೊಲವಿಲ್ಲದವರೂ ಹಳ್ಳಿಗೆ ಹೋಗಿ ನೆಂಟರ ಹೊಲದಲ್ಲಿ ಉಣ್ಣುತ್ತಾರೆ. ನಾಲಾ ಓಣಿಯವರು ಹಾಗೇ ತೊಗರಿ ಕೊಯ್ಲಿಗೆ ಕೆಲವು ದಿನ ಅಲ್ಲೇ ನಿಲ್ಲುತ್ತಾರೆ. ಸರ್ ಕೂಡ ಎರಡು ದಿನ ಕಮಲಾಪುರದಲ್ಲಿ ಉಳಿದರು. ಹೋಗುವಾಗ ನಾಲೆಯ ತುದಿಯ ಸಾಲನ್ನು ನನಗೆ ಒಪ್ಪಿಸಿದರು. "ಹದಿನೆಂಟು ಮನಿ ಅವ್ವಾ. ಗಡಿಬಿಡಿ ಬ್ಯಾಡ."

ಹದಿನೇಳು ಮನೆಗೆ ಬಾಗಿಲಿತ್ತು. ಒಂದಕ್ಕೆ ಇರಲಿಲ್ಲ.

ಆ ಮನೆಯ ಚೌಕಟ್ಟಿನಲ್ಲಿ ಬಿಜಾಗರಿ ಕಿತ್ತ ತೂತು ಹಸಿಯಾಗಿ ಕಾಣುತ್ತಿತ್ತು. ಒಳಗೆ ತಣ್ಣಗಿನ ಒಲೆ. ಪಾತ್ರೆ ಇಲ್ಲ, ಹಾಸಿಗೆ ಇಲ್ಲ. ಪಕ್ಕದ ಮನೆಯ ಮುಂದೆ ಕಾಶಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಅವಳ ಕೈ ನಿಂತಿತು. ನನ್ನನ್ನು ನೋಡಿದಳು. ನಾನು ಕೇಳಲಿ ಎಂದು ಕಾಯುತ್ತಿದ್ದಳು ಎಂದು ಈಗ ಅನಿಸುತ್ತದೆ. ಅವಳ ದೊಡ್ಡ ದನಿ, ಅವಳು ಕೇಳಬಹುದಾದ ಹತ್ತು ಪ್ರಶ್ನೆ, ಎಲ್ಲ ನೆನೆದು ನಾನು ತಲೆ ತಗ್ಗಿಸಿ ಟ್ಯಾಬಿನಲ್ಲಿ 'ಖಾಲಿ' ಎಂಬುದನ್ನು ಒತ್ತಿದೆ. ಅವಳಿದ್ದಲ್ಲಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ.

ಸರ್ ತಿರುಗಿ ಬಂದ ದಿನ ಪಟ್ಟಿಯ ಮೇಲೆ ಬೆರಳಾಡಿಸುತ್ತ ಆ ಮನೆಯ ಸಾಲಿನಲ್ಲಿ ನಿಂತರು. "ಇದು ಖಾಲಿ?"

"ಬಾಗಿಲು ಇಲ್ರೀ ಸರ್. ಕಿತ್ತುಕೊಂಡು ಹೋಗಿದ್ದಾರೆ."

"ಬಾಜೂದಾಕಿಗಿ ಕೇಳ್ದೇನು?"

"ಪಾತ್ರೆ ಕೂಡ ಇಲ್ರೀ, ಏನೂ ಇಲ್ಲ," ಅಂದೆ.

ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅವರು ಅದನ್ನೇ ಉತ್ತರ ಎಂದುಕೊಂಡು ಸಹಿ ಹಾಕಿದರು. ನನ್ನ ಮೇಲೆ ಅಷ್ಟು ನಂಬಿಕೆಯಿತ್ತು.

ಹಕ್ಕುದಾರರ ಪಟ್ಟಿಯನ್ನು ಗೋಡೆಗೆ ಹಚ್ಚಿದ ಮೇಲೆ ಒಂದು ಮಧ್ಯಾಹ್ನ ಮಹಾದೇವಿ ಎಂಬ ಹೆಣ್ಣುಮಗಳು ಕಚೇರಿಗೆ ಬಂದಳು. ಮೂವತ್ತೈದಿರಬಹುದು. ಹಣೆ ಬರಿದಾಗಿತ್ತು. ನಾಲೆಯ ತುದಿಯ ಸಾಲಿನಲ್ಲಿ ತನ್ನ ಮನೆ ಇದೆ, ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂದಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹಕ್ಕುಪತ್ರವಿಲ್ಲ. ಚರಂಡಿ, ದಾರಿ ಆಗುವಾಗ ಖಾಲಿ ಮನೆಗಳನ್ನು ಕೆಡವುವುದೆಂದು ಆಗಲೇ ತೀರ್ಮಾನವಾಗಿತ್ತು.

"ನಿಮ್ಮ ಮನಿಗಿ ಬಾಗಿಲ ಇದ್ದಿಲ್ಲವಂತಲ್ಲವ್ವಾ?" ಅವರು ಮೆತ್ತಗೆ ಕೇಳಿದರು.

"ಬಾಗಿಲ ಮ್ಯಾಲೆ ನನ್ನ ಗಂಡನ್ನ ಹೊತ್ತೊಯ್ದರ್ರೀ," ಅಂದಳು.

ಅಮಾವಾಸ್ಯೆಗೆ ಎರಡು ದಿನ ಮೊದಲು ಅವಳ ಗಂಡ ನಳದ ಹತ್ತಿರ ಕುಸಿದುಬಿದ್ದಿದ್ದ. ಆಂಬುಲೆನ್ಸು ದೊಡ್ಡ ರಸ್ತೆಯಲ್ಲೇ ನಿಂತಿತ್ತು. ನಾಲ್ಕು ಜನ ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ ಹೊತ್ತುಕೊಂಡು ಓಡಿದರು. ಮರುದಿನ ದವಾಖಾನೆಯವರು ಮನೆಗೆ ಒಯ್ಯಿರಿ ಅಂದರು. ಅದೇ ಬಾಗಿಲ ಮೇಲೆ, ಟೆಂಪೋದಲ್ಲಿ, ಕಮಲಾಪುರದ ಹತ್ತಿರ ಅವನ ಅಣ್ಣನ ಮನೆಗೆ ಒಯ್ದರು. ಅಲ್ಲೇ ಹೋದ. ದಿನಕರ್ಮ ಮುಗಿಸಿ, ತೊಗರಿ ಕೊಯ್ಲಿಗೆ ನಿಂತು, ಈಗ ಬಂದಿದ್ದಳು. ಪಾತ್ರೆ, ಹಾಸಿಗೆ ಎಲ್ಲವನ್ನೂ ಕಾಶಮ್ಮ ತನ್ನ ಮನೆಯಲ್ಲಿ ಜೋಪಾನ ಮಾಡಿದ್ದಳು.

ಅವರು ನನ್ನ ಕಡೆ ನೋಡಲಿಲ್ಲ. ಅವಳು ಹೋದ ಮೇಲೂ ನೋಡಲಿಲ್ಲ. ಪೆನ್ಸಿಲನ್ನು ಬ್ಲೇಡಿನಿಂದ ಕೆತ್ತುತ್ತ, ಚೂಪಾಗಿದ್ದನ್ನೇ ಮತ್ತೆ ಕೆತ್ತುತ್ತ ಬಹಳ ಹೊತ್ತು ಕೂತಿದ್ದರು.

ಆಕ್ಷೇಪಣೆಗಳ ವಿಚಾರಣೆ ಒಂದು ಸಣ್ಣ ಕೋಣೆಯಲ್ಲಿ ನಡೆಯಿತು. ಮೇಜಿನ ಆಚೆ ಅಧಿಕಾರಿ, ಈಚೆ ನಾವು. ಮಹಾದೇವಿ ಹೊರಗೆ ಬಾಗಿಲ ಹತ್ತಿರ ನಿಂತಿದ್ದಳು.

"ಖಾಲಿ ಅಂತ ಬರೆದವರು ಯಾರ್ರೀ?" ಅಧಿಕಾರಿ ಕೇಳಿದರು.

ನಾನು ಬಾಯಿ ತೆರೆದಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಖಾತ್ರಿಯಿಲ್ಲ. ಅವರು ಎದ್ದು ನಿಂತಿದ್ದರು.

"ನಾನ್ರೀ ಸರ್. ವಯಸ್ಸಾತು, ಸರಿ ನೋಡಲಿಲ್ಲ."

ನಾನು ಸುಮ್ಮನಿದ್ದೆ. ಕಡತದಲ್ಲಿ 'ಕರಾರಿನ ನೌಕರರ ನಿರ್ಲಕ್ಷ್ಯದಿಂದ' ಎಂದು ಬರೆದರು, ಅವರ ಹೆಸರಿನೊಂದಿಗೆ. ಮನೆಯನ್ನು ಮತ್ತೊಮ್ಮೆ ಬೇರೆಯವರಿಂದ ಪರಿಶೀಲಿಸುವಂತೆ ಆದೇಶವಾಯಿತು.

ಹೊರಗೆ ಮೆಟ್ಟಿಲ ಮೇಲೆ ನಾನು ಅಳುತ್ತಿದ್ದೆ. ಅವರು ಒಂದು ಮೆಟ್ಟಿಲು ಕೆಳಗೆ ನಿಂತಿದ್ದರು.

"ಸಾಕು ಬಿಡವ್ವಾ. ನಿನ್ನ ನೌಕರಿ ಈಗ ಸುರು ಆಗ್ಯದ, ನನ್ನದು ಹ್ಯಾಂಗೂ ಮುಗೀಲಿಕ್ಕೆ ಬಂದದ. ಬಾಗಿಲ ಗುರುತು ನಿನಗ ಹೇಳಿಕೊಟ್ಟವನೂ ನಾನೇ."

"ನೀವು ಕೇಳು ಅಂದಿದ್ರಿ ಸರ್."

"ಹೂಂ," ಅಂದರು. ಚೀಲ ಹೆಗಲಿಗೇರಿಸಿಕೊಂಡು ಹೇಳಿದರು: "ಸಾಹೇಬರಿಗಿ ಹೇಳೂದು ಬ್ಯಾಡ. ಆದ್ರ ಆಕಿಗಿ ಹೇಳು. ಒಂದಿನ ಹೋಗಿ, ಆಕಿ ಮನಿ ಮುಂದ ಕೂತು, ನಾನು ಅಂತ ಹೇಳು. ಅಷ್ಟು ಮಾಡು."

ಹೇಳುತ್ತೇನೆ ಅಂದೆ.

ಅವರ ಕರಾರನ್ನು ಮುಂದುವರಿಸಲಿಲ್ಲ. ಆದರೂ ಅವರು ಕಮಲಾಪುರದಿಂದ ಬರುವುದು ನಿಲ್ಲಲಿಲ್ಲ. ಕಚೇರಿಗೆ ಬರುತ್ತಿರಲಿಲ್ಲ ಅಷ್ಟೆ, ನಾಲಾ ಓಣಿಗೆ ಹೋಗುತ್ತಿದ್ದರು. ಮರುಪರಿಶೀಲನೆಗೆ ಬರುವವರೂ ಮೊದಲು ಬಾಗಿಲನ್ನೇ ನೋಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಸತ್ತವನ ಅಣ್ಣನ ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಆ ಬಾಗಿಲನ್ನು ಹುಡುಕಿಕೊಂಡು ಹೋದರು. ಮನೆಯವರಿಗೆ ಅದನ್ನು ಮುಟ್ಟಲೂ ಮನಸ್ಸಿರಲಿಲ್ಲವಂತೆ. ಬಾಳೆಗೊನೆ ತರುವ ಟೆಂಪೋದಲ್ಲಿ, ಗೊನೆಗಳ ನಡುವೆ ಕೂತು, ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ದೊಡ್ಡ ರಸ್ತೆಯಿಂದ ಒಳಗೆ ಓಣಿಯವರು ಹೊತ್ತರು. ಗಂಡಸರು ಹಿಂದೆ ಅದನ್ನು ಹೊತ್ತು ಹೋದ ದಾರಿಯಲ್ಲೇ ಈಗ ಒಳಗೆ ಹೊತ್ತು ತಂದರು. ಹೊಸ ಬಿಜಾಗರಿ ತಂದು ಸರ್ ತಾವೇ ಕೂಡಿಸಿದರು. ಇದನ್ನೆಲ್ಲ ಕಾಶಮ್ಮ ನನಗೆ ಆಮೇಲೆ ಹೇಳಿದ್ದು. ಅವತ್ತು ನಾನು ಅಲ್ಲಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ನಾಲಾ ಓಣಿಗೆ ಒಂದು ಸಲವೂ ಹೋಗಲಿಲ್ಲ. ಕೆಲಸವಿತ್ತು ಎಂದು ಬರೆಯಬಹುದು. ಕೆಲಸವಿರಲಿಲ್ಲ.

ಬೇಸಿಗೆಯ ನಡುವೆ ಅವರ ಸೊಸೆಯ ಫೋನು ಬಂತು. ಬೆಳಿಗ್ಗೆ ಬಚ್ಚಲಿಗೆ ಹೋದವರು ತಿರುಗಿ ಬರಲಿಲ್ಲ. ನಾನು ಕಮಲಾಪುರದ ಬಸ್ಸು ಹಿಡಿದೆ. ಅವರು ದಿನಾ ಎರಡು ಸಲ ಕೂತುಬಂದ ದಾರಿಯಲ್ಲಿ ನಾನು ಮೊದಲ ಸಲ ಹೋಗುತ್ತಿದ್ದೆ. ಮನೆಯ ಮುಂದೆ ಬಿಳಿ ಬಟ್ಟೆ ಉಟ್ಟ ಜನ, ಒಳಗೆ ಬುದ್ಧನ ಪಟದ ಮುಂದೆ ಮೇಣದ ಬತ್ತಿ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಬಾಳೆಹಣ್ಣು ನಿಮಗ ಸೇರತಿದ್ವೇನ್ರಿ? ಚಲೋ ನೋಡಿ ಆರಿಸಿ ಒಯ್ತಿದ್ದರು," ಎಂದು ಕೇಳಿದರು. ಸೇರುತ್ತಿದ್ದವು ಅಂದೆ.

ಗೋಡೆಯ ಮೇಲೆ ಕಟ್ಟುಹಾಕಿಸಿದ ಒಂದು ನಕ್ಷೆಯಿತ್ತು. ಪೆನ್ಸಿಲಿನದು. ಅವರ ಓಣಿಯದು. ಪ್ರತಿ ಮನೆ, ಪ್ರತಿ ಒಲೆ, ಒಂದು ಹುಣಸೆ ಗಿಡ, ಕಟ್ಟೆಗಳು, ಯಾವ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು ಎಂಬ ಹೆಸರುಗಳು. ಒಂದು ಮೂಲೆಯಲ್ಲಿ ಸಣ್ಣದಾಗಿ ಬಾವಿ. ಬಾವಿಯಾಚೆ ಊರಿರಬೇಕಾದಲ್ಲಿ ಅವರು ಏನನ್ನೂ ಬರೆದಿರಲಿಲ್ಲ.

ಆ ವಾರವೇ ನಾನು ಕಚೇರಿಗೆ ಒಂದು ಹೇಳಿಕೆ ಬರೆದುಕೊಟ್ಟೆ: 'ಖಾಲಿ' ಎಂದು ನಮೂದಿಸಿದವಳು ನಾನು, ಅವರಲ್ಲ. ಗುಮಾಸ್ತರು ಎರಡು ಸಲ ಓದಿ, "ಕಡತ ಮುಗಿದದ ಮೇಡಂ. ಇದನ್ನ ಎಲ್ಲಿ ಹಚ್ಚಲಿ?" ಅಂದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಅವರಿಗೆ ತಿಳಿಯಲಿಲ್ಲ. ಅದು ಇನ್ನೂ ಅವರ ಮೇಜಿನ ಖಾನೆಯಲ್ಲಿದೆ.

ಸರ್ ತೀರಿಕೊಂಡ ತಿಂಗಳಿಗೆ ಹೆಚ್ಚುವರಿ ಪಟ್ಟಿ ಬಂತು. ಅದರಲ್ಲಿ ಮಹಾದೇವಿಯ ಹೆಸರಿತ್ತು. ಪರಿಶೀಲಿಸಿದವರ ಷರಾ: 'ಬಾಗಿಲು ಇದೆ. ವಾಸವಿದೆ.' ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಹೇಳುವುದು ಸುಲಭವಾಗುತ್ತದೆ ಎಂದು ನಾನು ಕಾದಿದ್ದೆ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಮರುದಿನ ಸಂಜೆ ಹೋದೆ. ಮಹಾದೇವಿ ಮನೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದ್ದು, ಕೈ ಒರೆಸಿಕೊಂಡು, "ಬರ್ರಿ ಮೇಡಂ, ಕೂಡ್ರಿ," ಅಂದಳು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಅನಿಸಿತು. ನಿಂತೇ ಹೇಳಿದೆ. ಅಮಾವಾಸ್ಯೆಯ ವಾರ ಬಂದವಳು ನಾನು, ಖಾಲಿ ಎಂದು ಬರೆದವಳು ನಾನು, ಕಾಶಮ್ಮ ಇಲ್ಲೇ ಕೂತಿದ್ದರೂ ಕೇಳಲಿಲ್ಲ, ಸರ್ ತಪ್ಪು ತಮ್ಮ ಮೇಲೆ ಹಾಕಿಕೊಂಡರು, ನಾನು ಸುಮ್ಮನಿದ್ದೆ.

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅವಳು ತೆಗೆಯಲಿಲ್ಲ.

"ನನ್ನ ಗಂಡನ್ನ ಹೊತ್ತ ಬಾಗಿಲ್ರೀ ಅದು," ಅಂದಳು. "ಒಂದು ಮಾತು ಕೇಳಬಾರದಿತ್ತೇನ್ರಿ?"

"ಕೇಳಬೇಕಿತ್ತು."

"ಆ ಹಿರೇ ಮನಷ್ಯಾಗ ನಾ ಮಾರಿ ಮ್ಯಾಲೆ ಬೈದೀನ್ರಿ. ಬಾಗಿಲ ಕೂಡಸಾಕ ಬಂದಾಗ. ಕಣ್ಣು ಕಾಣಸ್ತಿದ್ದಿಲ್ಲೇನು ನಿನಗ ಅಂತ. ಸುಮ್ಮ ಕೇಳಿಕೋತ ಮೊಳಿ ಹೊಡದರು."

ಅವಳು ಒಲೆಯನ್ನೇ ನೋಡುತ್ತಿದ್ದಳು. ಆಮೇಲೆ ಏನೋ ಹೊಳೆದಂತೆ ತಲೆ ಎತ್ತಿದಳು.

"ಅದಕ್ಕೇ ಏನ್ರೀ ಅವರು ಬಂದಾಗೊಮ್ಮೆ ಕೇಳ್ತಿದ್ದರು? ಮೇಡಂ ಬಂದಿದ್ದರೇನು, ಏನರ ಅಂದ್ರೇನು ಅಂತ. ಇಲ್ರೀ ಅಂತಿದ್ದೆ. ಬರ್ತಾಳ, ಮಾತು ಕಮ್ಮಿ ಆ ಹುಡುಗಿದು, ಬಂದ್ರ ಚಾ ಕೊಡದೆ ಕಳಸಬ್ಯಾಡ್ರಿ ಅಂತಿದ್ದರು."

"ಕೊನೆಗೆ ಯಾವಾಗ ಕೇಳಿದ್ದರು?"

"ತೀರಿ ಹೋಗೂ ಹಿಂದಿನ ವಾರ ಬಂದಿದ್ದರಲ್ಲ, ಆವಾಗೂ ಕೇಳಿದ್ದರು."

ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಹಂಚು ಇಳಿಸಿ, ಅವಳು ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟಳು. ನನ್ನ ಮುಖ ನೋಡದೆ ಅಂದಳು: "ಅವರು ಹೇಳ್ಯಾರಂತ ಮಾಡ್ತೀನ್ರಿ."

ನಾನು ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತೆ, ಆ ಬಾಗಿಲಿಗೆ ಬೆನ್ನು ತಾಗದಂತೆ.